ರಾಮನಗರ ಸೀಮೆಯ ಹಾಲಿನ ಹಸುಗಳಲ್ಲಿ ಜಂತುಹುಳು ಬಾಧೆ

ಬೆಳಿಗ್ಗೆ ಕ್ಯಾನು ಹಿಡಿದು ಊರಿನ ಡೈರಿಗೆ ಹೋದವರಿಗೆ ಮೊದಲು ಗೊತ್ತಾಗುವುದು ಹಾಲಿನ ಲೆಕ್ಕ. ನಿನ್ನೆಗಿಂತ ಅರ್ಧ ಲೀಟರ್ ಕಡಿಮೆ, ಫ್ಯಾಟು ಸ್ವಲ್ಪ ಇಳಿದಿದೆ. ಹಸು ಮೇವು ಬಿಟ್ಟಿಲ್ಲ, ಜ್ವರವಿಲ್ಲ, ಕೆಚ್ಚಲು ಬಾವೂ ಇಲ್ಲ. ಬೂಸಾ ಸರಿಯಿಲ್ಲವೇನೋ ಎಂದು ಮನೆಯವರು ಅಂದುಕೊಳ್ಳುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಮೈಯ ಕೂದಲು ಒರಟಾಗುತ್ತದೆ, ಪಕ್ಕೆಲುಬು ಎಣಿಸುವಂತಾಗುತ್ತದೆ, ಬೆದೆಗೆ ಬರಬೇಕಾದ ಹಸು ಬರುವುದಿಲ್ಲ. ಹಾಲಿನ ಹಸುಗಳ ಕರುಳು, ಹೊಟ್ಟೆ ಮತ್ತು ಯಕೃತ್ತಿನಲ್ಲಿ ನೆಲೆಸುವ ಪರಾವಲಂಬಿ ಜೀವಿಗಳ ಬಾಧೆ ಬಹುಪಾಲು ಹೀಗೆಯೇ ಸದ್ದಿಲ್ಲದೆ ನಡೆಯುತ್ತದೆ. ಸಾವು ಅಪರೂಪವಾದ್ದರಿಂದ ಕಾಲುಬಾಯಿ ಜ್ವರಕ್ಕೋ ಚಪ್ಪೆ ರೋಗಕ್ಕೋ ಸಿಗುವ ಗಮನ ಇದಕ್ಕೆ ಸಿಗುವುದಿಲ್ಲ. ಆದರೆ ಕೊಟ್ಟಿಗೆಯ ಆದಾಯವನ್ನು ವರ್ಷವಿಡೀ ಕೊರೆಯುವ ಕಾಯಿಲೆಗಳಲ್ಲಿ ಇದು ಮುಂಚೂಣಿಯಲ್ಲಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೊರಗಿನವರಿಗೆ ಇದು ರೇಷ್ಮೆಗೂಡಿನ ಮಾರುಕಟ್ಟೆ, ಬಣ್ಣದ ಗೊಂಬೆ, ಬಂಡೆಬೆಟ್ಟಗಳ ನಾಡು. ಒಳಗಿನವರಿಗೆ ರಾಗಿ, ಹಿಪ್ಪುನೇರಳೆ, ತೆಂಗು ಮತ್ತು ಹಾಲು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಡೈರಿ ಅಭಿವೃದ್ಧಿ ಯೋಜನೆಯ ಮೊದಲ ಸೀಮೆಗಳಲ್ಲಿ ಬೆಂಗಳೂರಿನ ಸುತ್ತಲ ಹಳ್ಳಿಗಳೂ ಸೇರಿದ್ದವು. ಇಂದು ಈ ತಾಲ್ಲೂಕುಗಳ ಹಾಲು ಬೆಂಗಳೂರು ಹಾಲು ಒಕ್ಕೂಟಕ್ಕೆ, ಅಂದರೆ ಬಮೂಲ್‌ಗೆ ಹೋಗುತ್ತದೆ. ಹಳ್ಳಿಕಾರ್ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಗಳಿಗೆ ಎಚ್‌ಎಫ್ ಮತ್ತು ಜರ್ಸಿ ಮಿಶ್ರತಳಿಯ ಹಸುಗಳು ಬಂದವು. ಹಾಲು ಹೆಚ್ಚು ಕೊಡುವ ಹಸುವಿನ ಮೈಯಲ್ಲಿ ಉಳಿತಾಯ ಕಡಿಮೆ. ಕರು ಹಾಕುವ ಆಸುಪಾಸಿನ ವಾರಗಳಲ್ಲಿ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಹುಳುಗಳು ಬಲಿಯುವುದು ಆಗಲೇ.

ಇಲ್ಲಿನ ಹುಳುಗಳ ಕಥೆ ತಿಳಿಯಬೇಕಾದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಅರ್ಕಾವತಿ ಮಾಗಡಿ ಸೀಮೆಯಿಂದ ಇಳಿದು, ರಾಮನಗರ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಾರಿಯಲ್ಲಿ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳಿವೆ. ಚನ್ನಪಟ್ಟಣದಲ್ಲಿ 1946ರ ಕಣ್ವ ಜಲಾಶಯವಿದೆ. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ಏತ ನೀರಾವರಿಯಲ್ಲಿ ಕೆರೆಗಳು ತುಂಬುತ್ತವೆ. ಬಿಡದಿ ಬಳಿಯ ಬೈರಮಂಗಲ ಕೆರೆಗೆ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುತ್ತದೆ. ಕನಕಪುರದ ದಕ್ಷಿಣಕ್ಕೆ ಕಾಡಂಚು, ಮಾಗಡಿಯ ಎತ್ತರದಲ್ಲಿ ಒಣ ಬೀಳು. ಒಂದೇ ಜಿಲ್ಲೆಯಾದರೂ ಕೆರೆ ಅಂಗಳದ ಹಸುವಿಗೂ ಬೀಳಿನಲ್ಲಿ ಮೇಯುವ ಹಸುವಿಗೂ ಬರುವ ಹುಳು ಒಂದೇ ಅಲ್ಲ.

ನೀರನ್ನು ನೆಚ್ಚಿದವು ಚಪ್ಪಟೆ ಹುಳುಗಳು. ಇವುಗಳಲ್ಲಿ ದೊಡ್ಡದು ಎಲೆಯಾಕಾರದ ಯಕೃತ್ತಿನ ಹುಳು, ಫ್ಯಾಸಿಯೋಲಾ ಜೈಜಾಂಟಿಕಾ. ಬೆಳೆದ ಹುಳು ಏಳು ಸೆಂಟಿಮೀಟರ್‌ವರೆಗೂ ಇರುತ್ತದೆ. ಅದು ಇರುವುದು ಕರುಳಿನಲ್ಲಲ್ಲ, ಪಿತ್ತನಾಳದಲ್ಲಿ; ಆದರೆ ಕರುಳಿನ ಮೂಲಕವೇ ಒಳಹೊಕ್ಕು, ಮೊಟ್ಟೆಯನ್ನು ಸಗಣಿಯಲ್ಲೇ ಹೊರಗೆ ಕಳುಹಿಸುವುದರಿಂದ ಪಶುವೈದ್ಯರು ಇದನ್ನು ಹೊಟ್ಟೆಹುಳುಗಳ ಜೊತೆಯಲ್ಲೇ ಎಣಿಸುತ್ತಾರೆ. ಸಗಣಿ ನೀರಿಗೆ ಬಿದ್ದರೆ ಎರಡು ಮೂರು ವಾರದಲ್ಲಿ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಗೆ ಒಂದು ದಿನದೊಳಗೆ ಲಿಮ್ನಿಯಾ ಜಾತಿಯ ನೀರಿನ ಬಸವನಹುಳು ಸಿಗಬೇಕು, ಇಲ್ಲವಾದರೆ ಅದು ಸಾಯುತ್ತದೆ. ಸಿಕ್ಕಿದರೆ ಆ ಒಂದು ಮರಿ ಬಸವನಹುಳುವಿನ ಮೈಯೊಳಗೆ ನೂರಾರಾಗಿ ಹೆಚ್ಚುತ್ತದೆ. ವಾರಗಳು ಕಳೆದ ಮೇಲೆ ಬಾಲದ ಮರಿಗಳಾಗಿ ಹೊರಬಿದ್ದು, ಹುಲ್ಲಿನ ಬುಡಕ್ಕೆ ಅಂಟಿ, ಮೇಲೆ ಗಟ್ಟಿ ಕವಚ ಕಟ್ಟಿಕೊಂಡು ಹಸುವಿನ ಬಾಯಿಗಾಗಿ ಕಾಯುತ್ತವೆ. ಯಕೃತ್ತಿನ ಹುಳುಗಳ ಈ ಸುತ್ತುದಾರಿಯನ್ನು 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಆಲ್ಗರ್ನಾನ್ ಥಾಮಸ್ ಮತ್ತು ಜರ್ಮನಿಯ ರುಡಾಲ್ಫ್ ಲ್ಯೂಕಾರ್ಟ್ ಬೇರೆಬೇರೆಯಾಗಿ ಬಿಡಿಸಿದರು.

ಹಸುವಿನ ಕರುಳಿನಲ್ಲಿ ಕವಚ ಬಿಚ್ಚಿದ ಮರಿ, ಕರುಳಗೋಡೆ ತೂರಿ, ಯಕೃತ್ತನ್ನು ಕೊರೆಯುತ್ತಾ ಪಿತ್ತನಾಳ ಸೇರುತ್ತದೆ. ಮೊಟ್ಟೆ ಇಡಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಅಷ್ಟು ಹೊತ್ತಿಗೆ ರಕ್ತ ಬತ್ತಿ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುತ್ತದೆ. ರಕ್ತದಲ್ಲಿ ಪ್ರೋಟೀನು ಇಳಿದರೆ ದವಡೆಯ ಕೆಳಗೆ ನೀರು ತುಂಬಿ ಮೆತ್ತನೆಯ ಊತ ಬರುತ್ತದೆ. ಗಂಟಲುಬೇನೆಯೆಂದು ಇದಕ್ಕೆ ಬರೆ ಹಾಕಿಸುವವರು ಈಗಲೂ ಇದ್ದಾರೆ. ಬರೆಯಿಂದ ಆ ಊತ ಇಳಿಯುವುದಿಲ್ಲ, ಹಸುವಿಗೆ ಸುಟ್ಟಗಾಯವೊಂದು ಹೆಚ್ಚಾಗುತ್ತದೆ ಅಷ್ಟೆ.

ಎರಡನೆಯ ಬಗೆಯ ಚಪ್ಪಟೆ ಹುಳು ಆಂಫಿಸ್ಟೋಮ್. ಕಸಾಯಿಖಾನೆಯಲ್ಲಿ ಹಸುವಿನ ದೊಡ್ಡ ಹೊಟ್ಟೆಯನ್ನು ಸೀಳಿದಾಗ ಒಳಗೋಡೆಗೆ ದಾಳಿಂಬೆ ಕಾಳಿನಂತೆ ಕೆಂಪಗೆ ಕಚ್ಚಿಕೊಂಡಿರುವುದು ಇದೇ. ಬೆಳೆದ ಹುಳು ನೂರಾರು ಇದ್ದರೂ ಹಸು ಹೇಗೋ ತಾಳಿಕೊಳ್ಳುತ್ತದೆ. ಅಪಾಯ ಇರುವುದು ಮರಿಹುಳುಗಳಿಂದ. ಅವು ಮೊದಲು ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಒಳಪೊರೆಯನ್ನು ಕಿತ್ತು ತಿಂದು ಬೆಳೆದು, ಆಮೇಲೆ ಮೇಲಿನ ಹೊಟ್ಟೆಗೆ ವಲಸೆ ಹೋಗುತ್ತವೆ. ಆ ವಾರಗಳಲ್ಲಿ ನೀರಿನಂಥ, ಗಬ್ಬುನಾರುವ ಭೇದಿ ಹತ್ತಿ ಎಳೆಯ ಕಡಸುಗಳು ಸಾಯುವುದೂ ಉಂಟು. ಮರಿಹುಳು ಮೊಟ್ಟೆ ಇಡುವುದಿಲ್ಲವಾದ್ದರಿಂದ ಸಗಣಿ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಕೆರೆಯಂಚಿನಲ್ಲಿ ಮೇದ ಹಸುವಿಗೆ ಇಂಥ ಭೇದಿಯಾದರೆ, ವರದಿ ಏನೇ ಹೇಳಲಿ, ಅನುಭವಿ ವೈದ್ಯರು ಮೇವಿನ ಜಾಗವನ್ನು ಕೇಳಿಕೊಂಡು ಔಷಧಿ ಬರೆಯುತ್ತಾರೆ. ಈ ಹುಳುವಿಗೆ ಆಸರೆ ಕೊಡುವ ಬಸವನಹುಳುಗಳಲ್ಲಿ ಮುಖ್ಯವಾದದ್ದು ಸುರುಳಿ ಬಿಲ್ಲೆಯಂತಿರುವ ಇಂಡೊಪ್ಲಾನಾರ್ಬಿಸ್ ಎಕ್ಸುಸ್ಟಸ್. ದಕ್ಷಿಣ ಭಾರತದ ಕೆರೆಕುಂಟೆಗಳಲ್ಲಿ ಇದು ಸಾಮಾನ್ಯ. ಹಸುಗಳ ಗೊರಕೆ ರೋಗವನ್ನು ದಾಟಿಸುವುದೂ ಇದೇ ಬಸವನಹುಳು. ಆ ರೋಗ ತರುವ ಮೂಗಿನ ರಕ್ತಹುಳುವನ್ನು 1930ರ ದಶಕದಲ್ಲಿ ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್ ಗುರುತಿಸಿ ವಿವರಿಸಿದರು.

ದುಂಡು ಹುಳುಗಳಿಗೆ ಬಸವನಹುಳು ಬೇಡ, ಹಸಿ ನೆಲ ಸಾಕು. ಸ್ಟ್ರಾಂಗೈಲ್ ಗುಂಪಿನ ಹೀಮಾಂಕಸ್, ಟ್ರೈಕೊಸ್ಟ್ರಾಂಗೈಲಸ್, ಕೂಪರಿಯಾ, ಈಸೊಫಾಗೊಸ್ಟೊಮಮ್ ಇವುಗಳಲ್ಲಿ ಮುಖ್ಯವಾದವು. ನಾಲ್ಕನೆಯ ಹೊಟ್ಟೆಯಲ್ಲಿರುವ ಹೀಮಾಂಕಸ್ ರಕ್ತ ಹೀರುತ್ತದೆ. ಹೆಣ್ಣು ಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬೆಚ್ಚಗಿನ ಹಸಿ ಸಗಣಿಯಲ್ಲಿ ವಾರದೊಳಗೆ ಮರಿ ಸೋಂಕು ಹರಡುವ ಹಂತಕ್ಕೆ ಬಂದು, ಮುಂಜಾವಿನ ಇಬ್ಬನಿಯ ತೆಳುಪದರ ಹಿಡಿದು ಹುಲ್ಲಿನ ತುದಿಗೆ ಏರುತ್ತದೆ; ಬಿಸಿಲೇರಿದರೆ ಕೆಳಗಿಳಿಯುತ್ತದೆ. ಹಿಂದಿನವರು ದನಗಳನ್ನು ಇಬ್ಬನಿ ಆರಿದ ಮೇಲೆ ಹೊಡೆಯುತ್ತಿದ್ದುದು ಈ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಮಾಗಡಿಯ ಬೀಳುಗಳಲ್ಲಿ ಕುರಿ, ಮೇಕೆ, ಹಸು ಒಂದೇ ಕಡೆ ಮೇಯುತ್ತವೆ. ಈ ಹುಳುಗಳಲ್ಲಿ ಕೆಲವು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಬಲ್ಲವು. ಕೊಕ್ಕೆಹುಳು ಬ್ಯೂನೊಸ್ಟೊಮಮ್ ಬಾಯಿಯಿಂದಲೂ ಹೋಗುತ್ತದೆ, ಕಾಲಿನ ಚರ್ಮ ತೂರಿಯೂ ಹೋಗುತ್ತದೆ. ಗಂಜಲ ನಿಂತ ಕೊಟ್ಟಿಗೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಈ ಎರಡು ಗುಂಪುಗಳ ಋತು ಬೇರೆ. ಮೇ ತಿಂಗಳ ಮುಂಗಾರು ಪೂರ್ವ ಮಳೆಯಿಂದ ಹಿಡಿದು ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆಯವರೆಗೆ ದುಂಡು ಹುಳುಗಳ ಕಾಲ. ಚಪ್ಪಟೆ ಹುಳುವಿನ ಬೀಜ ಬೀಳುವುದೂ ಮಳೆಯಲ್ಲೇ, ಆದರೆ ಅದು ಹಸುವಿನ ಹೊಟ್ಟೆಗೆ ಹೆಚ್ಚಾಗಿ ಹೋಗುವುದು ಮಳೆ ನಿಂತ ಮೇಲೆ. ಜನವರಿ ಕಳೆದಂತೆ ಬೀಳೆಲ್ಲ ಒಣಗುತ್ತದೆ. ನೀರು ಹಿಂದೆ ಸರಿದ ಕೆರೆ ಅಂಗಳದಲ್ಲಿ ಮಾತ್ರ ಹಸಿರು. ಊರಿನ ದನವೆಲ್ಲ ಅಲ್ಲೇ ಸೇರುತ್ತದೆ. ನೀರಿನಡಿ ಇದ್ದ ಹುಲ್ಲಿನ ಬುಡ, ಅದರಲ್ಲಿ ಅಂಟಿದ ಕವಚಗಳು, ಆಗ ಬಾಯಿಗೆ ಎಟುಕುತ್ತವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಔಷಧಿ ಕುಡಿಸಿದರೆ ಮುಗಿಯಿತು ಎನ್ನುವ ರೂಢಿ ಕೆರೆ ಕೆಳಗಿನ ಊರುಗಳಿಗೆ ಸಾಲದು.

ಮೇಯಲು ಬಿಡುವುದೇ ಇಲ್ಲವಲ್ಲ, ಹುಳು ಎಲ್ಲಿಂದ ಬಂತು? ಕಟ್ಟಿ ಮೇಯಿಸುವ ರೈತರು ಕೇಳುವ ನ್ಯಾಯವಾದ ಪ್ರಶ್ನೆ ಇದು. ಹಸು ಹುಲ್ಲಿನ ಬಳಿ ಹೋಗದಿದ್ದರೂ ಹುಲ್ಲು ಹಸುವಿನ ಬಳಿಗೆ ಬರುತ್ತದೆ. ಗದ್ದೆ ಬದುವಿನ, ಕಾಲುವೆ ಏರಿಯ, ಕೆರೆ ಕೋಡಿಯ ಹುಲ್ಲನ್ನು ಬುಡಸಮೇತ ಕುಯ್ದು ಹೊರೆ ಕಟ್ಟಿ ತಂದರೆ ಕವಚಗಳೂ ಹೊರೆಯಲ್ಲೇ ಬರುತ್ತವೆ. ನೀರಿನಿಂದ ಮೇಲೆ ಒಂದು ಗೇಣು ಬಿಟ್ಟು ಕುಯ್ದರೆ, ಕುಯ್ದದ್ದನ್ನು ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸಿದರೆ ಅಪಾಯ ಬಹಳ ಇಳಿಯುತ್ತದೆ. ಈ ದೃಷ್ಟಿಯಿಂದ ಒಣ ಹೊಲದಲ್ಲಿ ಬೆಳೆದು ಬಿಸಿಲಲ್ಲಿ ಒಣಗಿ ಬಣವೆ ಸೇರುವ ರಾಗಿ ಹುಲ್ಲಿನಷ್ಟು ನಿಶ್ಚಿಂತೆಯ ಮೇವು ಈ ಸೀಮೆಯಲ್ಲಿ ಇನ್ನೊಂದಿಲ್ಲ. ರೇಷ್ಮೆ ಮನೆಗಳಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಹಸುಗಳ ಗೋದಲಿಗೆ ಹಾಕುವ ರೂಢಿಯೂ ಹಳೆಯದು. ನೆಲದ ಸಗಣಿ ತಾಗದ ಎತ್ತರದ ಸೊಪ್ಪು ಎಂಬುದು ಅದರ ಒಳ್ಳೆಯ ಗುಣ.

ಬೈರಮಂಗಲದ ವಿಚಾರ ಬೇರೆಯಾಗಿಯೇ ಹೇಳಬೇಕಾದದ್ದು. ಕೊಳಚೆ ನೀರು ವರ್ಷವಿಡೀ ಹರಿಯುವುದರಿಂದ ಅಲ್ಲಿ ಹಸಿರು ಮೇವಿಗೆ ಬರವಿಲ್ಲ, ಆ ಮೇವಿನ ಬಲದ ಮೇಲೆ ಹೈನುಗಾರಿಕೆಯೂ ನಿಂತಿದೆ. ಆದರೆ ಶುದ್ಧವಾಗದ ಊರ ನೀರಿನಲ್ಲಿ ಮನುಷ್ಯರ ಕರುಳಿನ ಹುಳುಗಳ ಮೊಟ್ಟೆಗಳೂ ಇರುತ್ತವೆ. ಅವುಗಳಲ್ಲಿ ಟೀನಿಯಾ ಸ್ಯಾಜಿನೇಟಾ ಎಂಬ ಲಾಡಿಹುಳುವಿನ ಮೊಟ್ಟೆ ಹಸುವಿನ ಹೊಟ್ಟೆಗೆ ಹೋದರೆ ಸ್ನಾಯುಗಳಲ್ಲಿ ಗುಳ್ಳೆಯಾಗಿ ಕೂರುತ್ತದೆ. ನೀರಾವರಿಗೆ ಬಳಸುವ ಕೊಳಚೆಯಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಕರುಳುಹುಳುವಿನ ಮೊಟ್ಟೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಆ ನೀರನ್ನು ಶುದ್ಧೀಕರಿಸುವುದು ಬೆಂಗಳೂರಿನ ಹೊಣೆ. ಕೆಳಗಿನ ಊರಿನ ಹೈನುಗಾರರ ಮೇಲೆ ಅದನ್ನು ಹೊರಿಸುವುದು ಸರಿಯಲ್ಲ.

ಕರುಗಳ ಪಾಡು ಇನ್ನೂ ಕಷ್ಟದ್ದು. ಟಾಕ್ಸೊಕಾರಾ ವಿಟುಲೋರಮ್ ಎಂಬ ದೊಡ್ಡ ದುಂಡು ಹುಳು ಎಮ್ಮೆ ಕರುಗಳಲ್ಲಿ ಹೆಚ್ಚು, ಹಸುವಿನ ಕರುಗಳಲ್ಲೂ ಇದೆ. ತಾಯಿಯ ಮೈಯ ಅಂಗಾಂಶಗಳಲ್ಲಿ ಮಲಗಿರುವ ಮರಿಗಳು ಕರು ಹಾಕುವ ಹೊತ್ತಿಗೆ ಎಚ್ಚೆತ್ತು ಕೆಚ್ಚಲಿಗೆ ಇಳಿದು, ಹಾಲಿನೊಡನೆ ಕರುವಿನ ಹೊಟ್ಟೆ ಸೇರುತ್ತವೆ. ಮೂರು ವಾರದೊಳಗೆ ಅವು ಗೇಣುದ್ದದ ಬಿಳಿ ಹುಳುಗಳಾಗಿ ಕರುಳನ್ನು ತುಂಬುತ್ತವೆ. ಜೇಡಿಮಣ್ಣಿನ ಬಣ್ಣದ, ನಾರುವ ಭೇದಿ, ಡೊಳ್ಳು ಹೊಟ್ಟೆ, ಸೊರಗಿದ ಬೆನ್ನು ಇದರ ಗುರುತು. ಗಿಣ್ಣು ಜಾಸ್ತಿ ಕುಡಿದು ಭೇದಿಯಾಯಿತೆಂದು ಗಿಣ್ಣನ್ನೇ ನಿಲ್ಲಿಸುವವರಿದ್ದಾರೆ. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಗಿಣ್ಣಿನಿಂದ, ಅದನ್ನು ತಪ್ಪಿಸುವುದು ಕರುವನ್ನು ಎರಡು ಸಲ ಸೋಲಿಸಿದಂತೆ. ಶ್ರೀಲಂಕಾದ ಎಮ್ಮೆ ಕರುಗಳ ಮೇಲೆ ನಡೆದ ಅಧ್ಯಯನಗಳು ಸರಳ ದಾರಿಯೊಂದನ್ನು ತೋರಿಸಿದವು: ಹುಟ್ಟಿದ ಹತ್ತರಿಂದ ಹದಿನಾರನೆಯ ದಿನದೊಳಗೆ ಪೈರಾಂಟೆಲ್ ಒಂದು ಸಲ ಕೊಟ್ಟರೆ ಹುಳು ಮೊಟ್ಟೆ ಇಡುವ ಮೊದಲೇ ಸಾಯುತ್ತದೆ, ಕೊಟ್ಟಿಗೆಯೂ ಮಲಿನವಾಗುವುದಿಲ್ಲ. ನಮ್ಮಲ್ಲಿ ಪಿಪರಜಿನ್ ಕುಡಿಸುವ ರೂಢಿ ಹೆಚ್ಚು.

ಕರುವಿನ ಭೇದಿಯಲ್ಲಿ ರಕ್ತ ಕಂಡರೆ ಲೆಕ್ಕ ಬೇರೆ. ಅದು ಬಹುಮಟ್ಟಿಗೆ ಕಾಕ್ಸಿಡಿಯಾ, ಅಂದರೆ ಐಮೀರಿಯಾ ಎಂಬ ಏಕಕೋಶ ಜೀವಿಯ ಕೆಲಸ. ಮೂರು ವಾರದಿಂದ ಆರು ತಿಂಗಳ ಕರುಗಳನ್ನು ಒತ್ತೊತ್ತಾಗಿ ಹಸಿ ನೆಲದಲ್ಲಿ ಕಟ್ಟಿದಲ್ಲಿ ಇದು ಬೇಗ ಹರಡುತ್ತದೆ. ಕರು ಮುಕ್ಕಿ ಮುಕ್ಕಿ ರಕ್ತ, ಲೋಳೆ ಹಾಕುತ್ತದೆ, ಬಾಲವೆಲ್ಲ ಒದ್ದೆ. ಜಂತುಹುಳುವಿನ ಯಾವ ಔಷಧಿಯೂ ಇದಕ್ಕೆ ನಾಟುವುದಿಲ್ಲ. ಆಂಪ್ರೋಲಿಯಂ ಅಥವಾ ಸಲ್ಫಾ ಔಷಧಿ ಬೇಕು. ಔಷಧಿ ಅಂಗಡಿಯಿಂದ ಆಲ್ಬೆಂಡಜೋಲ್ ಬಾಟಲಿ ತಂದು ಕುಡಿಸಿ, ಮತ್ತೆರಡು ದಿನ ಕಾದು, ಕರು ಕಳೆದುಕೊಂಡ ಮನೆಗಳು ಎಲ್ಲ ಸೀಮೆಯಲ್ಲೂ ಇವೆ. ಇನ್ನೂ ಎಳೆಯ ಕರುಗಳಿಗೆ ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಮನುಷ್ಯರಿಗೂ ಅಂಟುತ್ತದೆ. ಕರುವಿನ ಬಾಲ ತೊಳೆದ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳುವುದು, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಬಹಳ ಮುಖ್ಯ.

ಅಕ್ಕಿಕಾಳಿನಂಥ ತುಣುಕುಗಳು ಸಗಣಿಯಲ್ಲಿ ಕಂಡರೆ ಅದು ಮೊನೀಜಿಯಾ ಎಂಬ ಲಾಡಿಹುಳು. ನೋಡಲು ಹೆದರಿಕೆ ಹುಟ್ಟಿಸಿದರೂ ಬೆಳೆದ ಹಸುವಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ.

ಯಾವ ಹುಳು ಎಂದು ತಿಳಿಯುವ ಪರೀಕ್ಷೆ ಅಗ್ಗದ್ದು, ನೋಡಲೂ ಸೊಗಸು. ಅಡಿಕೆ ಗಾತ್ರದ ತಾಜಾ ಸಗಣಿಯನ್ನು ನೀರಿನಲ್ಲಿ ಕದಡಿ ಟೀ ಸೋಸುವ ಜರಡಿಯಲ್ಲಿ ಸೋಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ, ಹೊಸ ನೀರು ಹೊಯ್ದು, ಮತ್ತೆ ಬಗ್ಗಿಸಿ, ನೀರು ತಿಳಿಯಾಗುವವರೆಗೆ ಹೀಗೇ ಮಾಡುತ್ತಾರೆ. ತಳದ ಗಸಿಗೆ ಮೆಥಿಲೀನ್ ಬ್ಲೂ ಒಂದು ತೊಟ್ಟು. ಸೂಕ್ಷ್ಮದರ್ಶಕದಡಿ ಹುಲ್ಲಿನ ನಾರೆಲ್ಲ ನೀಲಿಯಾಗಿ ಕಾಣುತ್ತದೆ. ಆ ನೀಲಿಯ ನಡುವೆ ಪಿತ್ತರಸದ ಬಣ್ಣ ಹಿಡಿದ ಯಕೃತ್ತಿನ ಹುಳುವಿನ ಮೊಟ್ಟೆ ಚಿನ್ನದ ಹರಳಿನಂತೆ ಹೊಳೆಯುತ್ತದೆ. ಆಂಫಿಸ್ಟೋಮ್ ಮೊಟ್ಟೆ ಅದೇ ಆಕಾರ, ಆದರೆ ಬಣ್ಣವಿಲ್ಲದ ಗಾಜು. ದುಂಡು ಹುಳುವಿನ ಹಗುರ ಮೊಟ್ಟೆಗಳಿಗೆ ತಿರುಗುಮುರುಗು ದಾರಿ: ಕರಗುವಷ್ಟೂ ಉಪ್ಪು ಹಾಕಿದ ನೀರಿನಲ್ಲಿ ಕದಡಿದರೆ ಅವು ಮೇಲೆ ತೇಲಿ ಗಾಜಿನ ಚೂರಿಗೆ ಅಂಟುತ್ತವೆ. ಒಂದು ಗ್ರಾಂ ಸಗಣಿಗೆ ಎಷ್ಟು ಮೊಟ್ಟೆ ಎಂದು ಎಣಿಸುವ ಮ್ಯಾಕ್‌ಮಾಸ್ಟರ್ ವಿಧಾನವನ್ನು 1939ರಲ್ಲಿ ಆಸ್ಟ್ರೇಲಿಯಾದ ಗಾರ್ಡನ್ ಮತ್ತು ವಿಟ್ಲಾಕ್ ರೂಪಿಸಿದರು. ರೈತರು ಮಾಡಬೇಕಾದದ್ದು ಇಷ್ಟೆ: ನೆಲಕ್ಕೆ ಬಿದ್ದು ಹಳತಾದದ್ದನ್ನು ಬಿಟ್ಟು, ಹಸು ಆಗತಾನೆ ಹಾಕಿದ ಸಗಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅದೇ ದಿನ ದನದ ಆಸ್ಪತ್ರೆಗೆ ಮುಟ್ಟಿಸುವುದು. ಹೆಚ್ಚಿನ ಪರೀಕ್ಷೆಗೆ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ.

ಹುಳುವಿಗೆ ಔಷಧಿ ಕೊಟ್ಟರೆ ಹಾಲು ಎಷ್ಟು ಹೆಚ್ಚುತ್ತದೆ? ಬೇರೆಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಸರಾಸರಿ ದಿನಕ್ಕೆ 0.35 ಕಿಲೋ. ಕಾಲು ಲೀಟರಿಗಿಂತ ಸ್ವಲ್ಪ ಮೇಲೆ. ಬಾಟಲಿಯ ಜಾಹೀರಾತು ಹೇಳುವಷ್ಟು ದೊಡ್ಡ ಪವಾಡವಲ್ಲ, ಆದರೆ ಮುನ್ನೂರು ದಿನದ ಸೂಲಿಗೆ ನೂರು ಲೀಟರ್ ದಾಟುತ್ತದೆ. ಎರಡು ಹಸು ಕಟ್ಟಿ ಮಕ್ಕಳ ಶಾಲೆಯ ಫೀಜು ಹೊಂದಿಸುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಔಷಧಿಗಳ ಇತಿಹಾಸ ಉದ್ದವೇನಲ್ಲ. 1960ರ ದಶಕದಲ್ಲಿ ಥಯಾಬೆಂಡಜೋಲ್, ಆಮೇಲೆ ಲೆವಾಮಿಸೋಲ್, ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಬಂದವು. ಚಪ್ಪಟೆ ಹುಳುಗಳಿಗೆ ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್. ಜಪಾನಿನ ಮಣ್ಣಿನ ಸೂಕ್ಷ್ಮಾಣುವೊಂದರಿಂದ ಸಟೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಕಂಡುಹಿಡಿದ ಐವರ್ಮೆಕ್ಟಿನ್ 1981ರಲ್ಲಿ ಮೊದಲು ಬಂದದ್ದು ಜಾನುವಾರುಗಳಿಗಾಗಿ; 2015ರಲ್ಲಿ ಅವರಿಬ್ಬರಿಗೂ ನೊಬೆಲ್ ಸಿಕ್ಕಿತು. ಐವರ್ಮೆಕ್ಟಿನ್ ಚಪ್ಪಟೆ ಹುಳುವಿಗೆ ಕೆಲಸ ಮಾಡುವುದಿಲ್ಲ, ಹಾಲಿನಲ್ಲಿ ಬಹಳ ದಿನ ಉಳಿಯುವುದರಿಂದ ಕರೆಯುವ ಹಸುವಿಗೆ ಕೊಡಬಾರದು. ಔಷಧಿ ಸೇರಿದ ಸಗಣಿಯಲ್ಲಿ ಸಗಣಿ ಜೀರುಂಡೆಯ ಮರಿಗಳೂ ಸಾಯುತ್ತವೆ. ಸಗಣಿಯನ್ನು ಒಡೆದು ಮಣ್ಣಿಗೆ ಸೇರಿಸುತ್ತಾ ಹುಳುಗಳ ಸಂಖ್ಯೆ ತಗ್ಗಿಸುವ ಜೀವಿಗಳೇ ಅವು. ಆಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳುಗಳಲ್ಲಿ ಕೊಡುವುದಿಲ್ಲ.

ಪ್ರಮಾಣ ತಪ್ಪುವುದು ತೂಕ ತಪ್ಪುವುದರಿಂದ. ತಕ್ಕಡಿಯಿಲ್ಲದ ಕೊಟ್ಟಿಗೆಯಲ್ಲಿ ಟೇಪು ಸಾಕು: ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ಕಿಲೋ ತೂಕ ಸಿಗುತ್ತದೆ. ಸುತ್ತಳತೆ 66, ಉದ್ದ 56 ಇರುವ ಹಸು ಸುಮಾರು 370 ಕಿಲೋ. ಅಂದಾಜಿಗೆ 250 ಎಂದುಕೊಂಡು ಔಷಧಿ ಕುಡಿಸಿದರೆ ಬಲಹೀನ ಹುಳು ಸತ್ತು, ಔಷಧಿ ತಾಳುವ ಹುಳು ಉಳಿದು ಸಂತಾನ ಬೆಳೆಸುತ್ತದೆ. ಕುರಿ ಮೇಕೆಗಳ ಹೀಮಾಂಕಸ್‌ನಲ್ಲಿ ಇಂಥ ನಿರೋಧ ಕರ್ನಾಟಕದಲ್ಲೂ ಕಂಡುಬಂದಿದೆ. ಪರೀಕ್ಷೆಯಿಲ್ಲದೆ ಮೂರು ತಿಂಗಳಿಗೊಮ್ಮೆ ಇಡೀ ಕೊಟ್ಟಿಗೆಗೆ ಒಂದೇ ಬಾಟಲಿ ಸುರಿಯುವ ಪದ್ಧತಿ ಅದೇ ದಾರಿಯದು. ಕುಡಿಸುವಾಗಲೂ ಎಚ್ಚರ ಬೇಕು. ಬಿದಿರಿನ ಗೊಟ್ಟ ಹಿಡಿದು ಹಸುವಿನ ಮೂತಿಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಎಳೆದು, ಒಂದೇ ಉಸಿರಿಗೆ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೂತಿ ನೆಲಕ್ಕೆ ಸಮವಾಗಿರಬೇಕು, ನಾಲಿಗೆ ಬಿಟ್ಟಿರಬೇಕು, ದವಡೆಯ ಪಕ್ಕದಿಂದ ಗುಟುಕು ಗುಟುಕಾಗಿ ಹೊಯ್ಯಬೇಕು. ಕೆಮ್ಮಿದರೆ ಕೂಡಲೇ ನಿಲ್ಲಿಸಬೇಕು.

ಬೇವು, ಹಾಗಲ, ಬೆಳ್ಳುಳ್ಳಿ, ಅರಿಸಿನ, ತುಂಬೆ, ಬಾಳೆದಿಂಡು ಅರೆದು ಬೆಲ್ಲದೊಡನೆ ತಿನ್ನಿಸುವ ಮನೆಮದ್ದು ಹಳ್ಳಿಗಳಲ್ಲಿ ಉಳಿದಿದೆ, ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೂ ಇಂಥ ಮಿಶ್ರಣವನ್ನು ಪ್ರಚಾರ ಮಾಡುತ್ತಿದೆ. ದವಡೆ ಊದಿದ ಹಸುವನ್ನು ಅದರ ಮೇಲೆ ಮಾತ್ರ ಬಿಡುವುದು ಸರಿಯಲ್ಲ. ಔಷಧಿಯಷ್ಟೇ ಮುಖ್ಯವಾದದ್ದು ತಿಪ್ಪೆ. ಹರಡಿ ಬಿಟ್ಟ ಸಗಣಿಯಲ್ಲಿ ಮೊಟ್ಟೆ ಬದುಕುತ್ತದೆ. ಒಟ್ಟಿ ಕಟ್ಟಿ ಮುಚ್ಚಿದ ತಿಪ್ಪೆಯ ಒಡಲು ಐವತ್ತು ಡಿಗ್ರಿ ದಾಟಿ ಕಾದಾಗ ಮೊಟ್ಟೆ ಬೇಯುತ್ತದೆ, ಅಂಚಿನದನ್ನು ಮಗುಚಿ ಒಳಗೆ ಹಾಕಿದರೆ ಅದೂ ಬೇಯುತ್ತದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಕೆಂಗಲ್ ಆಂಜನೇಯಸ್ವಾಮಿ ದನಗಳ ಜಾತ್ರೆ, ಬೇಸಿಗೆಯಲ್ಲಿ ಮಾಗಡಿ ರಂಗನಾಥಸ್ವಾಮಿ ಜಾತ್ರೆ. ಇವಲ್ಲದೆ ದಲ್ಲಾಳಿಗಳ ಮೂಲಕ ವರ್ಷವಿಡೀ ದನ ಕೈ ಬದಲಾಗುತ್ತದೆ. ಕೊಂಡು ತಂದ ಹಸುವನ್ನು ಎರಡು ವಾರ ಬೇರೆ ಕಟ್ಟಿ, ಸಗಣಿ ಪರೀಕ್ಷೆ ಮಾಡಿಸಿ, ಬೇಕಾದ ಔಷಧಿ ಕೊಟ್ಟ ಮೇಲೆ ಸಾಲಿಗೆ ಸೇರಿಸುವುದು ಒಳ್ಳೆಯದು. ಗಬ್ಬದ ಹಸುವಾದರೆ ಒಂದು ಮಾತು ಹೆಚ್ಚು. ಅದರ ಸಗಣಿಯಲ್ಲಿ ಟಾಕ್ಸೊಕಾರಾ ಮೊಟ್ಟೆ ಒಂದೂ ಕಾಣದಿರಬಹುದು, ಏಕೆಂದರೆ ಆ ಹುಳುವಿನ ಮರಿಗಳು ಕರುಳಿನಲ್ಲಿರದೆ ಮಾಂಸದಲ್ಲಿ ಮಲಗಿರುತ್ತವೆ, ಅಲ್ಲಿಗೆ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಅಂಥ ಹಸು ಕರು ಹಾಕಿದ ದಿನವನ್ನು ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡು, ಹತ್ತನೆಯ ದಿನ ದಾಟುತ್ತಿದ್ದಂತೆ ಕರುವಿಗೆ ಔಷಧಿ ಕುಡಿಸುತ್ತಾರೆ.